ಖಾನಾಪುರದಾಗ ತೆರೀಬೇಕ್ರಿ
ಬೆಳಗಾವಿಯ ಕಾಲೇಜಿನ ಗ್ರಂಥಪಾಲ ನಾಗಲಿಂಗ ಸರ್ ಆನ್‌ಲೈನ್ ಪಾಠಕ್ಕೆ ಲೇಖನದ ಲಿಂಕ್ ಕೊಟ್ಟರೆ ಅದು ವರ್ಷಗಟ್ಟಲೆ ತೆರೆಯುತ್ತದೆ. ಪ್ರಾಧ್ಯಾಪಕರು ಬ್ರೌಸರಿನ ಮೇಲಿನ ವಿಳಾಸವನ್ನೇ ನಕಲು ಮಾಡಿ ತಂದರೆ, ‘ಇದು ಸಂಜೀಕ ಸಾಯತೈತ್ರಿ. ಲೇಖನದ ಕೆಳಗ ಕಾಯಂ ಲಿಂಕ್ ಐತಿ, ಅದನ್ನ ತರ್ರಿ’ ಎಂದು ಅಟ್ಟುತ್ತಾರೆ. ‘ನನ್ನ ಕಂಪ್ಯೂಟರಿನ್ಯಾಗ ತೆರೀತೈತಲ್ರಿ’ ಎಂದರೆ, ‘ಚಂದಾ ಕಾಲೇಜ ಕಟ್ಟೈತಿ, ಕಾಲೇಜಿನ್ಯಾಗ ಎಲ್ಲಾ ತೆರೀತಾವ. ಖಾನಾಪುರದಾಗ ತೆರೀಬೇಕ್ರಿ’ ಎನ್ನುತ್ತಾರೆ. ಅದಕ್ಕೆಂದೇ ಪ್ರತಿ ರವಿವಾರ ರೈಲು ಹತ್ತಿ ಹೋಗಿ, ಖಾನಾಪುರದ ಸೈಬರ್ ಕೆಫೆಯಲ್ಲಿ ಕುಳಿತು ಒಂದೊಂದೇ ಲಿಂಕ್ ಒತ್ತಿ ನೋಡುತ್ತಾರೆ. ‘ಸರ್‌ಗೆ ಅಲ್ಲಿ ಯಾರೋ ಅದಾರ’ ಎಂದು ಸ್ಟಾಫ್‌ರೂಮಿನಲ್ಲಿ ನಗುತ್ತಾರೆ. ಒಬ್ಬಳಿದ್ದಳು, ಖಾನಾಪುರದಿಂದಲೇ ಆನ್‌ಲೈನ್ ಓದುತ್ತಿದ್ದ ವಿದ್ಯಾರ್ಥಿನಿ ಪ್ರಮಿಳಾ. ಮೂರು ವರ್ಷದ ಹಿಂದೆ ಸರ್ ಅವಸರದಲ್ಲಿ ಕೊಟ್ಟ ಲಿಂಕ್ ಅವಳಿಗೆ ಅಲ್ಲಿ ತೆರೆಯಲಿಲ್ಲ. ಪ್ರಬಂಧ ಬರೆಯಲಾಗದೆ ನಪಾಸಾದಳು, ಮನೆಯವರು ಕಾಲೇಜು ಬಿಡಿಸಿ ಮದುವೆ ಮಾಡಿದರು. ಆ ಲೇಖನದ ಲಿಂಕನ್ನು ಸರ್ ಎಲ್ಲಕ್ಕಿಂತ ಕೊನೆಗೆ ಒತ್ತುತ್ತಾರೆ. ಈಗ ಅದು ಪ್ರತಿ ವಾರ ತೆರೆಯುತ್ತದೆ.