ಎರಡನೇ ಬದಿಯ ಕೆಮ್ಮು

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನ ಬಳಿ ಹಳೆಯ ಗ್ರಾಮಫೋನ್ ರೆಕಾರ್ಡು ಮಾರುವ ಬಡೇಸಾಬರಿಗೆ ಗಿರಾಕಿ ಎಂದರೇ ಸಂಶಯ. ಮನಸ್ಸಿಟ್ಟು ಕೇಳುವಂಥ ಆಲ್ಬಮ್ ಯಾವುದಿದೆ ಎಂದವರನ್ನು ಕನ್ನಡಕದ ಮೇಲಿನಿಂದ ನೋಡಿ, "ಕೇಳಾಕೋ, ಗ್ವಾಡಿಗೆ ತೂಗ ಹಾಕಾಕೋ?" ಎನ್ನುತ್ತಾರೆ. ಅಡುಗೆ ಮಾಡುತ್ತ ಕೇಳುತ್ತೇನೆ ಎಂದವರಿಗೆ, "ಹಂಗಾರ ಕುಕ್ಕರ್ ಸೀಟಿ ಸಾಕು ಬಿಡ್ರಿ" ಎಂದು ಬೆನ್ನು ತಿರುಗಿಸುತ್ತಾರೆ. ಮೊಬೈಲ್ ಹಿಡಿದು ಬಂದವರೆಲ್ಲ ಅವರ ಲೆಕ್ಕದಲ್ಲಿ ರೆಕಾರ್ಡಿನ ಹೊದಿಕೆಯ ಫೋಟೋ ಕದಿಯಲು ಬಂದವರು. ಈ ಪರೀಕ್ಷೆಯಲ್ಲಿ ಪಾಸಾದವರಿಗೆಲ್ಲ ಅದೇ ಒಂದು ವಿರಹಗೀತೆಗಳ ಆಲ್ಬಮ್ಮಿನ ಪ್ರತಿ ಕೊಟ್ಟು, ವಾರದ ಮೇಲೆ ತಾವೇ ಫೋನ್ ಮಾಡುತ್ತಾರೆ: "ಎರಡನೇ ಬದಿ, ಕಡೀ ಹಾಡಿನ್ಯಾಗ ಒಬ್ಬಾಕಿ ಕೆಮ್ಮತಾಳ. ಕೇಳಿಸ್ತೇನು?" ಇಲ್ಲವೆಂದ ಗಿರಾಕಿಗೆ ಮತ್ತೆ ಅಂಗಡಿಯಲ್ಲಿ ಜಾಗವಿಲ್ಲ. ಕೆಮ್ಮಿದಾಕೆ ಅವರ ಹೆಂಡತಿ ಇಮಾಮಬಿ. ಮದುವೆಯ ಹೊಸದರಲ್ಲಿ ಆ ಹಾಡಿನ ಕೋರಸ್ಸಿಗೆ ಹಾಡಲು ಹೋಗಿದ್ದಳು. ಇದೇ ಕಡೆಯದು, ಇನ್ನು ಹಾಡುವುದು ಬೇಡ ಎಂದು ಆ ಬೆಳಿಗ್ಗೆ ಬಡೇಸಾಬರೇ ಹೇಳಿ ಕಳಿಸಿದ್ದರು. ಮೊನ್ನೆ, ಆಲ್ಬಮ್ ಒಯ್ದಿದ್ದ ಸಯನ್ ಆಸ್ಪತ್ರೆಯ ನರ್ಸ್ ಶೀಲಾವತಿ ಅವರ ಫೋನಿಗೆ ಕಾಯದೆ ಅಂಗಡಿಗೇ ಬಂದು, "ಅದು ಕೆಮ್ಮು ಅಲ್ಲ ಮಾರಾಯ್ರೆ, ಅಳು ನುಂಗಿದ್ದು. ನಾನು ದಿನಾ ಕೇಳ್ತೇನಲ್ಲ ವಾರ್ಡಲ್ಲಿ" ಎಂದಳು. ಬಡೇಸಾಬರು ನಂಬಲಿಲ್ಲ. ಇವಳೇನೋ ಕಥೆ ಕಟ್ಟುತ್ತಿದ್ದಾಳೆ ಎಂದುಕೊಂಡೇ ಅದೇ ಹಾಡನ್ನು ಮೂರು ಸಲ ಹಾಕಿ ಕೇಳಿದರು. ಆಮೇಲೆ ಮಧ್ಯಾಹ್ನಕ್ಕೇ ಶಟರ್ ಎಳೆದು, ಧಾರಾವಿಯ ಮನೆಗೆ ಹೋಗಿ, "ಆವತ್ತು ನೀ ಅತ್ತಿದ್ದೇನು?" ಎಂದರಂತೆ. ಇಮಾಮಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳಂತೆ: "ನಲವತ್ತು ವರ್ಷ ಬೇಕಾತೇನ್ರಿ, ಕೇಳಾಕ?"