ಹನ್ನೆರಡು ವರ್ಷದ ಕ್ಯಾಲ್ಸಿಯಂ ಡಬ್ಬಿ

ಸ್ನೇಹಿತರೇ, ಬಲಗೈಗೆ ಪ್ಲಾಸ್ಟರ್ ಬಿದ್ದಿದೆ, ಇದನ್ನು ಫೋನಿನಲ್ಲಿ ಎಡಗೈಯಿಂದ ಒತ್ತಿ ಬರೆಯುತ್ತಿದ್ದೇನೆ. ಬೆಳಿಗ್ಗೆ ತೆಂಗಿನಕಾಯಿ ತುರಿದು ಏಳುವಾಗ ನೆಲಕ್ಕೆ ಕೈ ಊರಿದ್ದಷ್ಟೇ, ಮಣಿಕಟ್ಟು ಮುರಿಯಿತು.

ಪುತ್ತೂರಿನ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಎಂತ ಅಮ್ಮ, ಮೂಳೆ ಇಷ್ಟು ತೆಳು ಉಂಟು! ಕ್ಯಾಲ್ಸಿಯಂ ಎಲ್ಲ ತಗೊಳ್ಳುದಿಲ್ವಾ?" ಎಂದರು.

ಜೊತೆಗಿದ್ದ ಸೊಸೆಗೆ ಸಿಟ್ಟು ಬಂತು. "ಹನ್ನೆರಡು ವರ್ಷದಿಂದ ತಗೊಳ್ತಾರೆ ಡಾಕ್ಟ್ರೆ. ಒಂದು ದಿನ ತಪ್ಪಿಸಿದ್ದಿಲ್ಲ," ಎಂದು ಚೀಲದಿಂದ ನನ್ನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

ಡಾಕ್ಟರು ಒಂದು ಮಾತ್ರೆಯನ್ನು ಅಂಗೈಗೆ ಹಾಕಿಕೊಂಡು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಸೊಸೆಗೆ, "ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ," ಎಂದರು.

"ಬೇಡ, ಅವಳು ಇರ್ಲಿ," ಎಂದೆ. "ಡಬ್ಬಿ ಮಾತ್ರ ಕ್ಯಾಲ್ಸಿಯಂದು. ಒಳಗಿರುದು ಎಚ್‌ಐವಿ ಮಾತ್ರೆ. ಯಾರಿಗೂ ಗೊತ್ತಾಗುದು ಬೇಡ ಅಂತ ನಾನೇ ತುಂಬಿಸಿಟ್ಟದ್ದು."

ಈ ಸೋಂಕು ಇರುವ, ಅರವತ್ತು ದಾಟಿದ ನನ್ನಂಥವರಿಗೆ ಮೂಳೆ ಬೇಗ ಸವೆಯುತ್ತದಂತೆ. ಕ್ಯಾಲ್ಸಿಯಂ ನಿಜವಾಗಿ ಬೇಕಿದ್ದುದು ನನಗೇ ಅಂತೆ.

ಊರಿಗೆ ಮರಳುವ ಕಡಬದ ಬಸ್ಸಿನಲ್ಲಿ ಸೊಸೆ ನನ್ನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆಮೇಲೆ ಹೇಳಿದಳು: "ಅತ್ತೆ, ಬಸುರಿ ಇದ್ದಾಗ ನಾನು ಆ ಡಬ್ಬಿಯಿಂದ ಒಂದು ಮಾತ್ರೆ ಕೇಳಿದ್ದೆ. ನೀವು ಕೊಡ್ಲಿಲ್ಲ. ಅತ್ತೆ ಜಿಪುಣಿ ಅಂತ ಊರಿಡೀ ಹೇಳಿದ್ದೆ ನಾನು."

ಮನೆಗೆ ಬಂದ ಮೇಲೆ ಹೊಸ ಕ್ಯಾಲ್ಸಿಯಂ ಡಬ್ಬಿಯ ಮುಚ್ಚಳವನ್ನು ಅವಳೇ ತೆರೆದಳು. ಒಂದು ಮಾತ್ರೆ ನನಗೆ ಕೊಟ್ಟಳು. ನನ್ನ ಲೋಟದಲ್ಲಿ ಉಳಿದ ನೀರಿನಲ್ಲೇ ಒಂದು ತಾನೂ ನುಂಗಿದಳು.

ಜಿಪುಣಿ ಎಂಬ ಹೆಸರು ಅಲ್ಲಿಗೆ ಹೋಯಿತು. ಇದನ್ನು ಓದಿದ ಊರವರು ಇನ್ನು ಯಾವ ಹೆಸರಿಡುತ್ತಾರೋ ನೋಡಬೇಕು.