ಮೆತ್ತಗಾದ ಮಂಡಕ್ಕಿ

ಕರಕರ! ಗರಿಗರಿ ಮಂಡಕ್ಕಿ ನುರಿದ ಆ ಸದ್ದು ಇಂದಿಗೂ ನನ್ನನ್ನು ನಾಚಿಸುತ್ತದೆ.

ತೊಂಬತ್ತರ ದಶಕದ ಕೊನೆ. ಎಂ.ಸಿ.ಸಿ. ಬಡಾವಣೆಯ ನಮ್ಮ ಪಕ್ಕದ ಮನೆಯ ಫೋಟೋಗ್ರಾಫರು ವಾರವೆಲ್ಲ ಮದುವೆ ಫೋಟೋ ತೆಗೆಯುತ್ತಿದ್ದರು. ಭಾನುವಾರ ಮಾತ್ರ ಹರಿಹರದ ಹೊಳೆದಂಡೆಯಲ್ಲಿ ನೀರುನಾಯಿಗಾಗಿ ಕಾಯುತ್ತಿದ್ದರು. ಡಿಜಿಟಲ್ ಇನ್ನೂ ನಮ್ಮೂರಿಗೆ ಬಂದಿರಲಿಲ್ಲ. ರೀಲು ಕ್ಯಾಮೆರಾಕ್ಕೇ ಮೊಳದುದ್ದದ ಟೆಲಿ ಲೆನ್ಸ್. ಅದು ಅಲುಗದಂತೆ ಕೆಳಗೆ ಮಂಡಕ್ಕಿ ತುಂಬಿದ ಬಟ್ಟೆಚೀಲ ಇಡುತ್ತಿದ್ದರು. ಮರಳಿನ ಚೀಲಕ್ಕಿಂತ ಹಗುರವಂತೆ.

“ಮೇಡಂ, ಮೆತ್ತಗಾಗಿದ್ದು ಐತೇನ್ರಿ?” ಎಂದು ಕಾಂಪೌಂಡಿನಾಚೆಯಿಂದ ಕೇಳುವರು.

ನೆರೆಯವರಿಗೆ ಹಳೆಯದು ಕೊಡುವುದೇ? ನನ್ನ ಕಾನ್ವೆಂಟ್ ಮ್ಯಾನರ್ಸ್ ಒಪ್ಪಲಿಲ್ಲ. ಒಂದು ಭಾನುವಾರ ಹೊಸ ಮಂಡಕ್ಕಿ ತುಂಬಿಕೊಟ್ಟೆ. ಅವರ ಹೆಂಡತಿಯೊಡನೆ ನಾನೂ ಬಸ್ಸಿನಲ್ಲಿ ಹರಿಹರಕ್ಕೆ ಹೋದೆ.

ಬಂಡೆಯ ಮೇಲೆ ತಾಯಿ ನೀರುನಾಯಿ, ಮೂರು ಮರಿ! ತಿಂಗಳುಗಟ್ಟಲೆ ಕಾದಿದ್ದವರು ಸನ್ನೆ ಮಾಡಿ ನನ್ನನ್ನೇ ಮೊದಲು ಲೆನ್ಸಿಗೆ ಕಣ್ಣಿಡಲು ಕರೆದರು. ಮೈ ಗಾಡ್! ಮೀಸೆಯ ತುದಿಯ ಒಂದು ಹನಿಯೊಳಗೆ ಇಡೀ ಬೆಳಗು ನಡುಗುತ್ತಿತ್ತು.

ನಾನು ಸರಿದೆ. ಅವರು ಲೆನ್ಸನ್ನು ಚೀಲದ ಮೇಲೆ ಒತ್ತಿ ಕೂರಿಸಿದರು. ಕರಕರ! ಬಂಡೆ ಖಾಲಿ.

“ಒಗ್ಗರಣೆ ಹಾಕಿ ತಿನ್ನೋಕೆ ತಂದಿದ್ರೇನ್ರಿ ಇದನ್ನ?” ಹೆಂಡತಿ ಗಂಡನನ್ನು ಕುಟುಕಿದರು.

ಫೋಟೋಗ್ರಾಫರು ನನ್ನತ್ತ ತಿರುಗಿದರು. “ನಿಮಗಾದ್ರೂ ಕಂಡ್ತಲ್ರಿ ಮೇಡಂ, ಸಾಕು.”

ನನ್ನ ಯಜಮಾನರಿಗೆ ವರ್ಗವಾಗಿತ್ತು. ನಮಗೆ ಆ ಊರಿನಲ್ಲಿ ಉಳಿದದ್ದು ಇನ್ನೊಂದೇ ಭಾನುವಾರ. ಹಿಂದಿನ ಸಂಜೆಯೇ ತಾರಸಿಯ ಮೇಲೆ ಮಂಡಕ್ಕಿ ಹರವಿ ಇಬ್ಬನಿಗೆ ಬಿಟ್ಟೆ. ಬೆಳಿಗ್ಗೆ ಚೀಲ ಕೊಟ್ಟಾಗ ಫೋಟೋಗ್ರಾಫರು ಅದನ್ನು ಕಿವಿಗೆ ಹಿಡಿದು ಹಿಸುಕಿದರು. ಸದ್ದಿಲ್ಲ. ಮತ್ತೆ ಹಿಸುಕಿ ನಕ್ಕರು. ಆಮೇಲೆ ಚೀಲವನ್ನು ಸ್ಕೂಟರಿನಲ್ಲಿ ಕಾಲುಗಳ ನಡುವೆ ಜೋಪಾನವಾಗಿ ನಿಲ್ಲಿಸಿಕೊಂಡು ಹರಿಹರದ ರಸ್ತೆಗೆ ತಿರುಗಿದರು.